ಶಾಂತವ್ವನ ತೇಗು

ಮನುಷ್ಯರ ಚರ್ಮಕ್ಕೆ ಗೋವಿನಜೋಳದ ಹಸಿರು ಬಂದಮೇಲೆ ರಾಣೆಬೆನ್ನೂರಿನಲ್ಲಿ ಒಲೆ ಹಚ್ಚುವವರಿಲ್ಲ. ಊಟವೆಂದರೆ ಬಿಸಿಲಿಗೆ ಕೂರುವುದು. ಜೊತೆಗೆ ತಲೆಗೊಂದು ಗ್ಲಾಸು ಯೂರಿಯಾ ನೀರು ಬೇಕೇ ಬೇಕು. ಅದಿಲ್ಲದಿದ್ದರೆ ಎಂಥ ಬಿಸಿಲಿಗೂ ಹೊಟ್ಟೆ ತುಂಬದು.

ಹೀಗಾಗಿ ಶೈಲಾ ವರನನ್ನು ನೋಡಿದ್ದು ಮಾಳಿಗೆಯ ಮೇಲೆ. ಫಕ್ಕೀರೇಶ ಅಂಗಿ ಬಿಚ್ಚಿ, ಕಡುಹಸಿರು ಬೆನ್ನನ್ನು ಸೂರ್ಯನಿಗೆ ಕೊಟ್ಟು ನಿಂತ. ಎರಡು ಮಾತಾಡುವಷ್ಟರಲ್ಲಿ ದೊಡ್ಡದಾಗಿ ತೇಗಿದ.

"ನೋಡವ್ವ, ಇಷ್ಟ ಬಿಸಲಿಗೇ ನನ್ನ ಮಗನ ಹೊಟ್ಟಿ ತುಂಬತೈತಿ!" ಎಂದು ತಾಯಿ ಶಾಂತವ್ವ ಹಿಗ್ಗಿದಳು.

ಶೈಲಾ ಮಾತ್ರ ಶಾಂತವ್ವನ ಕೈಗಳನ್ನು ನೋಡುತ್ತಿದ್ದಳು. ಗೊಬ್ಬರ ಸಾಕಾಗದ ಗಿಡದ ಕೆಳಗಿನ ಎಲೆಯಂತೆ ಅವು ತುದಿಯಿಂದ ಹಳದಿಯಾಗಿದ್ದವು.

"ನಿಮಗ ತೇಗು ಯಾವಾಗ ಬರತೈತ್ರಿ?"

"ನಂದೇನು ಬಿಡವ್ವ. ಸಂಜಿತನಾ ಕುಂತರ ಒಂದೊಂದ ದಿನ ಬರತೈತಿ."

"ನಿಮ್ಮ ಪಾಲಿನ ಗ್ಲಾಸು?"

"ಬೆಳಿಯೋ ಹುಡುಗ, ಅವನ ಕುಡೀಲಿ ಅಂತ..."

"ಬೆಳಿಯೋ ಹುಡುಗನ ಮೀಸಿ ಆಗಲೇ ಬೆಳ್ಳಗಾಗ್ಯಾವಲ್ರಿ!"

ಫಕ್ಕೀರೇಶ ಗಡಿಬಿಡಿಯಿಂದ ಅಂಗಿ ತೊಟ್ಟು, ಯೂರಿಯಾ ನೀರಿನ ಗ್ಲಾಸನ್ನು ಶೈಲಾಳ ಮುಂದೆ ಹಿಡಿದ. ಹುಡುಗಿ ಕುಡಿದರೆ ಒಪ್ಪಿದಳೆಂದು ಅರ್ಥ. ಶೈಲಾ ಅದನ್ನು ತೆಗೆದುಕೊಂಡು ಶಾಂತವ್ವನ ಕೈಗಿಟ್ಟಳು. ಬೇಡವೆನ್ನುತ್ತಲೇ ಮುದುಕಿ ಒಂದೇ ಗುಟುಕಿಗೆ ಮುಗಿಸಿದಳು.

"ಹಂಗಾರ... ನಾ ಪಸಂದ ಬರಲಿಲ್ಲೇನ್ರಿ?" ಎಂದ ಫಕ್ಕೀರೇಶ.

"ನೀವು ಛಲೋ ಅದೀರಿ. ಆದ್ರ ಈ ಮನ್ಯಾಗ ಮುಂದಿನ ಹಳದಿ ಎಲಿ ನಾನ ಆಗ್ತೀನೇನೋ ಅಂತ ಅಂಜಿಕಿ."

ಮೆಟ್ಟಿಲಿಳಿಯುತ್ತ ಶೈಲಾ ತಿರುಗಿ ನಕ್ಕಳು.

"ನಿಮ್ಮವ್ವ ಮಧ್ಯಾಹ್ನದೊಳಗ ತೇಗಿದ ದಿನ ಹೇಳಿ ಕಳಸ್ರಿ. ಬರ್ತೀನಿ."