ನಾಲ್ಕು ಹೆಗಲು

ನಿಕಿಫೋರ್ ತೀರಿಕೊಂಡ ಸುದ್ದಿ ಶುಕ್ರವಾರ ಬಂದಾಗ ಅವನ ತಂಗಿ ಅಗಾಫಿಯಾ ಇಟಲಿಯ ಪಾದೋವಾದಲ್ಲಿ, ತಾನು ಕೆಲಸಕ್ಕಿದ್ದ ಮನೆಯ ಮುದುಕಿಗೆ ಸೂಪು ಕುಡಿಸುತ್ತಿದ್ದಳು. ದ್ರಾಕ್ಷಿ ಕೊಯ್ಯುತ್ತಿದ್ದವನು ಸಾಲಿನ ನಡುವೆಯೇ ಕುಸಿದನೆಂದು ಅತ್ತಿಗೆ ವಾಸಿಲಿಸಾ ಫೋನಿನಲ್ಲಿ ಅತ್ತಳು. ಅಗಾಫಿಯಾಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅಣ್ಣ ಕಡೆಯ ಸಲ ಆಡಿದ್ದು ಜಗಳವನ್ನೇ. "ಮೊಲ್ಡೋವಾ ಯುರೋಪ್ ಒಕ್ಕೂಟಕ್ಕೆ ಸೇರಬೇಕೋ ಬೇಡ್ವೋ ಅಂತ ಹೇಳೋಕೆ ನೀನ್ಯಾರೇ? ಊರು ಬಿಟ್ಟು ಹೋಗಿ ಕಂಡೋರ ಅಂಡು ತೊಳೀತಿರೋಳು! 'ಬೇಕು' ಅಂತ ಏನಾದ್ರೂ ಮುದ್ರೆ ಒತ್ತಿದ್ಯೋ, ನನ್ನ ಮಣ್ಣಿಗೂ ಬರಬೇಡ," ಎಂದು ಫೋನು ಕುಕ್ಕಿದ್ದ.

ಮಣ್ಣು ಭಾನುವಾರ. ಜನಮತಗಣನೆಯೂ ಅದೇ ದಿನ. ಮುದುಕಿಯ ಮಗಳು ಸಮುದ್ರತೀರದ ರಜೆಯಿಂದಲೇ, "ಸೋಮವಾರ ಬರ್ತೀನಿ, ಅಲ್ಲೀವರೆಗೆ ಅಮ್ಮನ್ನ ಬಿಟ್ಟು ಕದಲಬೇಡ," ಎಂದಳು. ಭಾನುವಾರ ಮಧ್ಯಾಹ್ನ ಪಕ್ಕದ ಮನೆಯಾಕೆ ಬಂದು ಕೂರುವಷ್ಟು ಹೊತ್ತೇ ಅಗಾಫಿಯಾಳ ಬಿಡುವು.

ಆ ಬಿಡುವಿನಲ್ಲಿ ಅವಳು ಚೀಲ ಹಿಡಿದು ಹೊರಟಳು. ಅದರಲ್ಲಿ ನಾಲ್ಕು ಬಿಳಿ ಟವೆಲ್ಲು, ತಾನೇ ಸುಟ್ಟ ಬಳೆಯಾಕಾರದ ನಾಲ್ಕು ರೊಟ್ಟಿ, ಮೇಣದ ಬತ್ತಿಗಳು. ಹೆಣಕ್ಕೆ ಹೆಗಲು ಕೊಟ್ಟವರ ತೋಳಿಗೆ ಟವೆಲ್ಲು ಕಟ್ಟಿ, ರೊಟ್ಟಿ ಬತ್ತಿ ಕೊಡುವುದು ಅವರ ಕಡೆಯ ಪದ್ಧತಿ. ಪಡೆದವರು 'ದೇವರು ಅವನನ್ನು ಮನ್ನಿಸಲಿ' ಎನ್ನಬೇಕು. ಅದೇ ಸತ್ತವನ ದಾರಿಯ ಬುತ್ತಿ. ಪರದೇಶದಲ್ಲಿ ಹೆಗಲು ಕೊಟ್ಟವರನ್ನು ಎಲ್ಲಿಂದ ತರುವುದು? ಮತ ಹಾಕಿ, ಆಮೇಲೆ ಚರ್ಚಿನ ಬಾಗಿಲಲ್ಲಿ ಸಿಕ್ಕವರಿಗೆ ಕೊಟ್ಟರಾಯಿತು ಎಂದುಕೊಂಡಳು. 'ಬೇಕು', 'ಬೇಡ', ಯಾವುದರ ಮೇಲೆ ಮುದ್ರೆ ಒತ್ತಬೇಕೆಂಬುದೇ ತಿಳಿಯುತ್ತಿರಲಿಲ್ಲ. ಅವಳ ಮನಸ್ಸು 'ಬೇಕು' ಎನ್ನುತ್ತಿತ್ತು. ಆದರೆ ಸತ್ತವನ ಮಾತು ಮೀರುವುದು ಹೇಗೆ? ಬದುಕಿದ್ದಿದ್ದರೆ ಇನ್ನೊಂದು ಸಲ ಜಗಳವಾಡಿಯಾದರೂ ಗೆಲ್ಲಬಹುದಿತ್ತು.

ಪಾದೋವಾದಲ್ಲಿದ್ದ ಮೊಲ್ಡೋವಾದವರಿಗೆಂದು ತೆರೆದ ಮತಗಟ್ಟೆಯ ಮುಂದೆ ಸಾಲು ಬೀದಿಯ ತಿರುವಿನವರೆಗೆ ಬೆಳೆದಿತ್ತು. ಅವಳ ಮುಂದೆಯೇ ಟೈಲ್ಸ್ ಕೆಲಸದ ಕಿರಿಲ್ ನಿಂತಿದ್ದ. ಅವಳ ಊರಿನವನು, ಅವಳ ಬೀದಿಯವನು. ಜೊತೆಗೆ ಅದೇ ಬೀದಿಯ ಇನ್ನೂ ಮೂವರು.

"ಅಕ್ಕಾ, ಅಣ್ಣನ ವಿಷಯ ಕೇಳ್ದೆ, ಪಾಪ. ನನ್ನ ಮಾತು ಕೇಳು, ಅವನಿಗೋಸ್ಕರ 'ಬೇಡ' ಅಂತ ಒತ್ತಿಬಿಡು. ಸತ್ತೋನ ಆಸೆ ಅಲ್ವಾ?"

"ನೀನೇನು ಒತ್ತೀಯ?"

"ನಾನಾ? 'ಬೇಕು'. ನಂಗೇನು ಹುಚ್ಚಾ ಅಕ್ಕಾ, ಪ್ರತಿ ವರ್ಷ ಇಲ್ಲಿರೋ ಪರ್ಮಿಟ್ಟಿಗೆ ಆಫೀಸಲ್ಲಿ ನಾಯಿ ಥರ ಕಾಯೋಕೆ!"

ಉಳಿದವರು ನಕ್ಕರು. ಅಷ್ಟರಲ್ಲಿ ಅಗಾಫಿಯಾಳ ಫೋನು ಬಡಿದುಕೊಂಡಿತು. ವಾಸಿಲಿಸಾ.

"ಮುಗೀತು ಕಣೆ ಅಗಾಫಿಯಾ."

"ಯಾರು ಹೊತ್ರು ಅತ್ತಿಗೆ?"

"ಯಾರಿದ್ದಾರೆ ಹೊರೋಕೆ? ಗಟ್ಟಿಯಾಗಿರೋರೆಲ್ಲ ಪರದೇಶಕ್ಕೆ ಹೋದ್ರಲ್ಲ. ಗಂಡಸರು ಅಂತ ಬಂದೋರು ಪಾದ್ರಿ, ಗಂಟೆ ಹೊಡೆಯೋ ತಾತ, ಇಬ್ಬರೇ. ಕಡೆಗೆ ಟ್ರ್ಯಾಕ್ಟರಿಗೆ ಹಾಕಿದ್ರು. ಕುಂಬಳಕಾಯಿ ಸಾಗಿಸೋ ಹಾಗೆ. ಹಳ್ಳ ಬಂದಾಗೆಲ್ಲ ಪೆಟ್ಟಿಗೆ ಎಗರೋದು. ನಾನೇ ಅವುಚಿಕೊಂಡು ಕೂತೆ."

ಅಗಾಫಿಯಾ ಫೋನು ಇಟ್ಟಳು. ಎದುರಿಗೆ ಕಿರಿಲನ ಅಗಲ ಬೆನ್ನು. ಅವನಾಚೆ ಇನ್ನೂ ಮೂರು ಬೆನ್ನು, ಎಲ್ಲ ಕಲ್ಲು ಹೊತ್ತು ಗಟ್ಟಿಯಾದವು.

"ಕಿರಿಲ್, ನಿಮ್ಮಪ್ಪ ಸತ್ತಾಗ ಮೊದಲ ಹೆಗಲು ಕೊಟ್ಟಿದ್ದು ಯಾರೋ?"

ಅವನ ನಗು ಇಂಗಿತು. "ನಿಮ್ಮಣ್ಣ."

"ಮಂಡಿ ಮಟ್ಟ ಕೆಸರಲ್ಲಿ, ಬೆಟ್ಟದ ತುದೀವರೆಗೆ. ನಿಂಗೆ ಆಗಲೂ ರಜೆ ಸಿಗ್ಲಿಲ್ಲ. ಚಾಚು ತೋಳು."

"ಅಕ್ಕಾ, ಇಲ್ಲಿ ಬೇಡ. ಜನ ನೋಡ್ತಿದ್ದಾರೆ."

"ನೋಡ್ಲಿ. ಟ್ರ್ಯಾಕ್ಟರನ್ನೂ ಜನ ನೋಡಿದ್ರು."

ಸತ್ತವರ ಹೆಸರಿನಲ್ಲಿ ಕೊಟ್ಟದ್ದನ್ನು ಬೇಡ ಎನ್ನುವ ಎದೆ ಅವರಲ್ಲಿ ಯಾರಿಗೂ ಇರಲಿಲ್ಲ. ನಾಲ್ವರ ತೋಳಿಗೂ ಅವಳು ನೋಯುವಷ್ಟು ಬಿಗಿದು ಟವೆಲ್ಲು ಕಟ್ಟಿ, ರೊಟ್ಟಿ ಬತ್ತಿಗಳನ್ನು ಕೈಗೆ ತುರುಕಿದಳು. ಅವರು ತಲೆ ತಗ್ಗಿಸಿ, "ದೇವರು ಅವನನ್ನ ಮನ್ನಿಸಲಿ," ಎಂದರು.

ಒಳಗೆ ಮೇಜಿನ ಹಿಂದಿದ್ದ ಹುಡುಗಿ ಮೊದಲು ಗದರಿದಳು. "ಏನ್ರೀ ಅದು ತೋಳಿಗೆ? ಪಕ್ಷದ ಗುರುತು ಕಟ್ಕೊಂಡು ಬರೋ ಹಾಗಿಲ್ಲ." ಕೈಯಲ್ಲಿದ್ದ ರೊಟ್ಟಿ ಕಂಡೊಡನೆ ಎದ್ದು ನಿಂತು ಶಿಲುಬೆಯ ಗುರುತು ಮಾಡಿಕೊಂಡಳು. ಮತಪತ್ರಗಳನ್ನು ಅವರ ಮುಂದಿಟ್ಟಳು.

ಪರದೆಯ ಹಿಂದೆ ಅಗಾಫಿಯಾ ಮುದ್ರೆ ಹಿಡಿದು ನಿಂತಳು. ಒಕ್ಕೂಟಕ್ಕೆ ಸೇರಿದರೆ ಆ ನಾಲ್ವರು ಊರಿಗೆ ಮರಳುತ್ತಾರೋ, ಉಳಿದ ಪಾದ್ರಿಯೂ ಗಂಟುಮೂಟೆ ಕಟ್ಟುತ್ತಾನೋ, ಅವಳಿಗೇನು ಗೊತ್ತು? ಆದರೆ ಇದ್ದ ಹಾಗೇ ಇರುವುದೆಂದರೆ ಏನೆಂದು ಇವತ್ತು ಗೊತ್ತಾಗಿತ್ತು. ಅದು ಟ್ರ್ಯಾಕ್ಟರಿನ ಮೇಲೆ ಎಗರೆಗರಿ ಹೋಗಿತ್ತು. ಮೇಜು ಅದುರುವಂತೆ 'ಬೇಕು' ಎಂಬುದರ ಮೇಲೆ ಮುದ್ರೆ ಒತ್ತಿದಳು.

"ಬರಬೇಡ ಅಂದ್ಯಲ್ಲ ಅಣ್ಣಾ," ಎಂದಳು ಹಲ್ಲು ಕಚ್ಚಿ, "ಬರಲಿಲ್ಲ."

ಹೊರಗೆ ನಾಲ್ವರೂ ಹೋಗದೆ ಕಾದಿದ್ದರು. ಟವೆಲ್ಲು ಬಿಚ್ಚಿರಲಿಲ್ಲ. ಇಬ್ಬರು ಮುಂದೆ, ಇಬ್ಬರು ಹಿಂದೆ, ನಡುವೆ ಒಂದು ಪೆಟ್ಟಿಗೆಯಷ್ಟು ಜಾಗ. ಬತ್ತಿಗಳು ಉರಿಯುತ್ತಿದ್ದವು. ಅಗಾಫಿಯಾ ಆ ಖಾಲಿ ಜಾಗದ ಮುಂದೆ ಮಂಡಿಯೂರಿದಳು. ಆಗ ಅಳು ಬಂತು.

"ತಂದೆಯೇ, ಅವನ ಮೇಲಿನ ಮಣ್ಣು ಹಗುರಾಗಿರಲಿ. ಊರಿನವರ ಭಾರವನ್ನೆಲ್ಲ ಅವನು ಹೊತ್ತಿದ್ದಾನೆ."