ಬೆಳಕಿನ ಬ್ಯತಿಚಾರ

“ನಾನು ಬಿ.ಎಸ್ಸಿ.ಯವರಿಗೆ ಬ್ಯತಿಚಾರ ಕಲಿಸ್ತೀನಿ, ಆಂಟಿ,” ಎಂದಳು ಸುದೇಷ್ಣಾ. “ಪ್ರಾಕ್ಟಿಕಲ್ ಕೂಡ ಇದೆ.”

ಕೃಷ್ಣವೇಣಮ್ಮನವರು ಎತ್ತಿದ ಕಾಫಿ ಲೋಟವನ್ನು ಹಾಗೇ ಕೆಳಗಿಟ್ಟರು. ಬಂಗಾಳಿಗಳ ಬಾಯಲ್ಲಿ ‘ವ’ ಎಲ್ಲ ‘ಬ’ ಆಗುತ್ತದೆಂದು ಬೆಳಿಗ್ಗೆಯಷ್ಟೇ ಮಗ ಹೇಳಿಕೊಟ್ಟಿದ್ದ. ‘ಬ’ ತೆಗೆದು ‘ವ’ ಹಾಕಿದರು. ಉಳಿದದ್ದನ್ನು ಕಿವಿಯೇ ತಿದ್ದಿಕೊಂಡಿತು. ವ್ಯಭಿಚಾರ! ಮಗ ಮೆಚ್ಚಿದ ಹುಡುಗಿಯನ್ನು ನೋಡಿ ಹೂಂ ಅನ್ನಲೋ ಉಹೂಂ ಅನ್ನಲೋ ಎಂದು ಮೈಸೂರಿನಿಂದ ಬಂಗಾಳಕ್ಕೆ, ಲೇಕ್ ಗಾರ್ಡನ್ಸಿನಲ್ಲಿ ಮಗನಿದ್ದ ಈ ಫ್ಲ್ಯಾಟಿಗೆ ಬಂದವರಿಗೆ ಮೊದಲ ಮಾತಿನಲ್ಲೇ ಉತ್ತರ ಸಿಕ್ಕಂತಾಯಿತು.

“ಪ್ರಾಣೇಶ, ಸ್ವಲ್ಪ ಒಳಗೆ ಬಾ.”

ಅಡುಗೆಮನೆಯಲ್ಲಿ ಅಮ್ಮ ಪಿಸುಗುಟ್ಟಿದ ಪದ ಕೇಳಿ ಪ್ರಾಣೇಶ ಗ್ಯಾಸ್ ಕಟ್ಟೆ ಹಿಡಿದುಕೊಂಡು ನಕ್ಕ. ಕನ್ನಡ ಪದ ತೋಚದಿದ್ದರೆ ಬಂಗಾಳಿಯದನ್ನೇ ಹೇಳು, ಹೇಗೂ ಸಂಸ್ಕೃತವೇ, ಅಮ್ಮನಿಗೆ ತಿಳಿಯುತ್ತೆ ಎಂದು ಹುಡುಗಿಗೆ ಧೈರ್ಯ ತುಂಬಿದ್ದ ಮಹಾಶಯ ಅವನೇ.

“ಅಮ್ಮಾ, ಅದು ವ್ಯತಿಚಾರ. ನಮ್ಮ ಕನ್ನಡದಲ್ಲಿ ವ್ಯತಿಕರಣ, ಇಂಟರ್‌ಫಿಯರೆನ್ಸ್. ಎರಡು ಬೆಳಕು ಒಂದರ ಮೇಲೊಂದು ಬಿದ್ದಾಗ ಆಗೋದು. ಅವಳು ಫಿಸಿಕ್ಸ್ ಲೆಕ್ಚರರು!”

“ಎರಡು ಬೆಳಕು ಬಿದ್ರೆ ಬೆಳಕು ಜಾಸ್ತಿ ಆಗುತ್ತೆ. ಅದಕ್ಕೆ ಬಿ.ಎಸ್ಸಿ. ಯಾಕೆ ಓದ್ಬೇಕು?” ಅಮ್ಮನ ಸಿಟ್ಟು ಇಳಿದಿರಲಿಲ್ಲ, ಈಗ ನಾಚಿಕೆಯೂ ಸೇರಿಕೊಂಡಿತ್ತು.

ಬಾಗಿಲಲ್ಲಿ ನಿಂತಿದ್ದ ಸುದೇಷ್ಣಾಳ ಕಿವಿ ಕೆಂಪಾಗಿತ್ತು. ಅಮ್ಮನಿಗೆ ಕೇಳಿಸಿದ ಆ ಪದಕ್ಕೆ ಬಂಗಾಳಿಯಲ್ಲೂ ಅದೇ ಅರ್ಥ. ಆದರೂ ಪಾಠ ಹೇಳುವವರು ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರುತ್ತಾರೆಯೇ?

“ಯಾವಾಗ್ಲೂ ಜಾಸ್ತಿ ಅಲ್ಲ, ಆಂಟಿ. ಕೆಲವು ಕಡೆ ಕತ್ತಲೆ ಆಗುತ್ತೆ. ತೋರಿಸ್ಲಾ?”

ಕಿಟಕಿಯ ಪರದೆ ಎಳೆದಳು. ಪಾಠಕ್ಕೆ ಬಳಸುವ ಪುಟ್ಟ ಲೇಸರ್ ದೀಪವನ್ನು ಬ್ಯಾಗಿನಿಂದ ತೆಗೆದು ಎದುರುಗೋಡೆಗೆ ಹಿಡಿದಳು. ಒಂದು ಕೆಂಪು ಚುಕ್ಕೆ. ತನ್ನ ತಲೆಯಿಂದ ಒಂದು ಕೂದಲು ಕಿತ್ತು ಕಿರಣಕ್ಕೆ ಅಡ್ಡ ಹಿಡಿದಳು. ಚುಕ್ಕೆ ಎರಡೂ ಕಡೆಗೆ ಹರಡಿ ಸಾಲಾಯಿತು: ಕೆಂಪು, ಕಪ್ಪು, ಕೆಂಪು, ಕಪ್ಪು.

“ಬೆಳಕು ಕೂದಲಿನ ಎರಡೂ ಪಕ್ಕದಿಂದ ಬಾಗಿ ಬರುತ್ತೆ, ಅಲೆ ಥರ. ಎರಡು ಅಲೆ ಒಟ್ಟಿಗೆ ಏರಿದ್ರೆ ಕೆಂಪು. ಒಂದು ಏರಿ ಒಂದು ಇಳಿದ್ರೆ ಕಪ್ಪು.”

ಕೃಷ್ಣವೇಣಮ್ಮನವರು ಗೋಡೆಯ ಹತ್ತಿರ ಹೋಗಿ ಕಪ್ಪು ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದರು. ನಂಬಿಕೆ ಬರಲಿಲ್ಲ. “ನಿನ್ನ ಕೂದಲಲ್ಲೇ ಏನೋ ಇದೆ,” ಎಂದು ತಮ್ಮ ತುರುಬಿನಿಂದ ಒಂದು ಬಿಳಿ ಎಳೆ ಎಳೆದು ಕೊಟ್ಟರು. “ಎಲ್ಲಿ, ಇದರಲ್ಲಿ ಮಾಡು.”

ಪಟ್ಟೆಗಳು ಮತ್ತೆ ಮೂಡಿದವು, ಮೊದಲಿಗಿಂತ ಅಗಲವಾಗಿ.

“ನಿಮ್ಮದು ತುಂಬಾ ಸಣ್ಣ ಕೂದಲು. ಕೂದಲು ಸಣ್ಣ ಆದಷ್ಟೂ ಬೆಳಕು ಅಗಲ ಹರಡುತ್ತೆ.”

“ಅಂದ್ರೆ ನಿನಗಿಂತ ನಂದೇ ಅಗಲ!” ಕೂದಲು ಸಣ್ಣಗಾಯಿತೆಂದು ವರ್ಷಗಟ್ಟಲೆ ಎಣ್ಣೆ ಬದಲಿಸುತ್ತ ಬಂದಿದ್ದ ಕೃಷ್ಣವೇಣಮ್ಮನವರಿಗೆ ಹೇಳಲಾರದಷ್ಟು ಖುಷಿಯಾಯಿತು. ಗೋಡೆ ನೋಡಿದರು, ಹುಡುಗಿಯ ಮುಖ ನೋಡಿದರು, ನಗು ತಡೆಯಲಾಗಲಿಲ್ಲ. “ನಿಮ್ಮ ಮಾವಂದೂ ಒಂದು ಹಿಡಿದು ನೋಡೋಣ ಅಂದ್ರೆ, ಪಾಪ, ಅವರ ತಲೇಲಿ ಒಂದೂ ಉಳಿದಿಲ್ಲ.”

ಸುದೇಷ್ಣಾ ತಬ್ಬಿಬ್ಬಾದಳು. ಬಂಗಾಳಿಯಲ್ಲಿ ಮಾಮಾ ಎಂದರೆ ತಾಯಿಯ ಅಣ್ಣತಮ್ಮಂದಿರು ಮಾತ್ರ. “ನಮ್ಮ ಮಾಮಾಗೆ ತಲೆ ತುಂಬಾ ಕೂದಲಿದೆ, ಆಂಟಿ!”

“ಆ ಮಾವ ಅಲ್ಲ ಕಣೇ,” ಎಂದರು ಕೃಷ್ಣವೇಣಮ್ಮ. “ನನ್ನ ಗಂಡ.”