ಸತ್ತ ನರದ ಹೆಸರು

ಬಿಸಿ ತೌಡಿನ ವಾಸನೆ ಮೂಗಿಗೆ ಬಡಿದರೆ ಇಂದಿಗೂ ನನಗೆ ಆ ಮಧ್ಯಾಹ್ನ ನೆನಪಾಗುತ್ತದೆ.

ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಚೀಲ ಹೊರುತ್ತಿದ್ದ ಅಪ್ಪನ ತೋಳಿನ ಮೇಲೆ ಭತ್ತದ ಚೀಲಗಳು ಉರುಳಿ ಎಲುಬು ಮುರಿದಿತ್ತು. ಎಲುಬೇನೋ ಕೂಡಿತು. ಆದರೆ ಬಲಗೈ ಮಣಿಕಟ್ಟಿನಿಂದ ಒದ್ದೆ ಅರಿವೆಯಂತೆ ಜೋತುಬಿದ್ದೇ ಇತ್ತು. ಡಾಕ್ಟರು ಮುಂಗೈಗೆ ಸೂಜಿ ಚುಚ್ಚಿ ನೋಡಿ, "ನರ ಸತ್ತೈತಿ" ಎಂದರು.

"ಯಾವ ನರರೀ?" ಅವ್ವ ಕೇಳಿದಳು.

"ಹೆಸರು ತಗೊಂಡು ಏನ್ ಮಾಡ್ತೀಯವ್ವಾ?"

"ಸತ್ತದ್ದಕ್ಕ ಒಂದು ಹೆಸರು ಇರ್ತೈತಲ್ರಿ."

ಡಾಕ್ಟರು ನಕ್ಕು, "ರೇಡಿಯಲ್ ನರ" ಎಂದರು. ದಾರಿಯುದ್ದಕ್ಕೂ ಅವ್ವ ಸಾಲಿ ಕಲಿಯುತ್ತಿದ್ದ ನನ್ನಿಂದ ಅದನ್ನು ಹೇಳಿಸಿ ಹೇಳಿಸಿ ಬಾಯಿಪಾಠ ಮಾಡಿಕೊಂಡಳು.

ಹಗುರ ಕೆಲಸ ಕೇಳಲು ನೇರ ಗಿರಣಿಗೆ ಹೋದೆವು. ತೌಡಿನ ಧೂಳಿನಲ್ಲಿ ನಿಂತಿದ್ದ ಮೇಸ್ತ್ರಿ ಅಪ್ಪನ ಕೈ ನೋಡಿ, "ನರಸತ್ತಾಂವಗ ಇಲ್ಲಿ ಏನ್ ಕೆಲಸ ಐತಿ?" ಎಂದ. ಹಮಾಲರೆಲ್ಲ ನಕ್ಕರು. ಅಪ್ಪ ನೆಲ ನೋಡಿದ.

ಅವ್ವ ಅಪ್ಪನ ಆ ಕೈಯನ್ನೇ ಎತ್ತಿ ಮೇಸ್ತ್ರಿಯ ಮುಖದ ಮುಂದೆ ಹಿಡಿದಳು.

"ಸತ್ತಿದ್ದು ರೇಡಿಯಲ್ರಿ. ನನ್ನ ಗಂಡ ಇಲ್ಲೇ ನಿಂತಾನ. ಕೆಲಸ ಹೇಳ್ರಿ."